ಲಂಡನ್‌–ಪ್ಯಾರಿಸ್: ದೂರ ಎಷ್ಟು, ವಿಮಾನದಲ್ಲಿ ಎಷ್ಟು ಹೊತ್ತು? ಪದೇ ಪದೇ ಕೇಳುವ ಪ್ರಶ್ನೆಗಳು

ಊರಿನಿಂದ ಲಂಡನ್‌ಗೆ ಬಂದವರು ಮೊದಲ ವಾರದಲ್ಲೇ ಕೇಳುತ್ತಾರೆ: "ಪ್ಯಾರಿಸ್ ಇಲ್ಲೇ ಹತ್ತಿರ ಅಲ್ವಾ? ವಿಮಾನದಲ್ಲಿ ಒಂದು ಗಂಟೆ ಅಂತೆ, ಹೋಗಿ ಬರೋಣ್ವಾ?" ಹತ್ತಿರ ಅನ್ನುವುದು ನಿಜ. ಆದರೆ ಟಿಕೆಟ್ ಮೇಲಿನ ಹೊತ್ತು ಬೇರೆ, ಮನೆ ಬಾಗಿಲು ಹಾಕಿ ಹೊರಟು ಹೋಟೆಲ್ ಸೇರುವ ಹೊತ್ತು ಬೇರೆ. ಈ ದಾರಿಯಲ್ಲಿ ನಾನು ವಿಮಾನ, ರೈಲು, ಬಸ್ಸು ಮೂರರಲ್ಲೂ ಓಡಾಡಿದ್ದೇನೆ. ಅಪ್ಪ ಅಮ್ಮನನ್ನೂ ಕರೆದುಕೊಂಡು ಹೋಗಿದ್ದೇನೆ. ನೆಂಟರು, ಗೆಳೆಯರು ಮತ್ತೆ ಮತ್ತೆ ಕೇಳಿದ ಪ್ರಶ್ನೆಗಳಿಗೆ ಇಲ್ಲಿ ಒಟ್ಟಿಗೆ ಉತ್ತರ ಬರೆದಿದ್ದೇನೆ.

ಲಂಡನ್‌ನಿಂದ ಪ್ಯಾರಿಸ್‌ಗೆ ಎಷ್ಟು ಕಿಲೋಮೀಟರ್?

ನೇರ ಗೆರೆ ಎಳೆದರೆ ಸುಮಾರು 344 ಕಿ.ಮೀ. ಮೈಲಿಯಲ್ಲಿ 214. ಹೀಥ್ರೂ ವಿಮಾನ ನಿಲ್ದಾಣದಿಂದ ಪ್ಯಾರಿಸ್‌ನ ಚಾರ್ಲ್ಸ್ ಡಿ ಗಾಲ್ ನಿಲ್ದಾಣಕ್ಕೂ ಹೆಚ್ಚು ಕಡಿಮೆ ಅಷ್ಟೇ, 350ರ ಹತ್ತಿರ. ರಸ್ತೆಯಲ್ಲಿ ಹೋದರೆ ಸುಮಾರು 460 ಕಿ.ಮೀ. ರೈಲು ಹಳಿಯ ಲೆಕ್ಕದಲ್ಲಿ 492.

ನಮ್ಮ ಕಡೆಯ ಅಳತೆ ಬೇಕಾದರೆ, ಬೆಂಗಳೂರಿನಿಂದ ಮಂಗಳೂರಿಗೆ ರಸ್ತೆಯಲ್ಲಿ ಎಷ್ಟಾಗುತ್ತದೋ ಲಂಡನ್‌ನಿಂದ ಪ್ಯಾರಿಸ್‌ಗೆ ಆಕಾಶದಲ್ಲಿ ಸುಮಾರು ಅಷ್ಟು.

ಎರಡೇ ಊರು, ಇಷ್ಟೊಂದು ಬೇರೆ ಬೇರೆ ಅಂಕಿ ಯಾಕೆ?

ನೇರ ದೂರ ಅಂದರೆ ಭೂಮಿಯ ಗೋಳದ ಮೇಲೆ ಎರಡು ಊರಿನ ನಡುವೆ ಬಿಗಿಯಾಗಿ ದಾರ ಹಿಡಿದರೆ ಸಿಗುವ ಅಳತೆ. ವಿಮಾನದ ದೂರ ಅಂತ ಎಲ್ಲ ಕಡೆ ಬರೆಯುವುದು ಇದನ್ನೇ. ವಿಮಾನ ಮಾತ್ರ ದಾರದ ಮೇಲೆ ಹಾರುವುದಿಲ್ಲ. ಅದಕ್ಕೂ ಗೊತ್ತಾದ ದಾರಿಗಳಿವೆ, ತಿರುವುಗಳಿವೆ.

ರಸ್ತೆ ಮತ್ತು ರೈಲಿನ ಕಥೆ ಬೇರೆ. ಪ್ಯಾರಿಸ್ ಇರುವುದು ಲಂಡನ್‌ನ ಆಗ್ನೇಯಕ್ಕೆ, ನಡುವೆ ಇಂಗ್ಲಿಷ್ ಕಾಲುವೆ ಎಂಬ ಸಮುದ್ರ. ಆ ಸಮುದ್ರ ತೀರಾ ಕಿರಿದಾಗಿರುವುದು ಡೋವರ್ ಹತ್ತಿರ, ಅಲ್ಲಿ ಅಗಲ 33 ಕಿ.ಮೀ. ಆಸುಪಾಸು. ರೈಲಿಗಾಗಿ ಸಮುದ್ರದ ಕೆಳಗೆ ಸುರಂಗ ತೋಡಿರುವುದೂ ಅಲ್ಲೇ. ಹಾಗಾಗಿ ರೈಲು ಮೊದಲು ಪೂರ್ವಕ್ಕೆ ಹೋಗಿ, ಸಮುದ್ರ ದಾಟಿ, ಆಮೇಲೆ ದಕ್ಷಿಣಕ್ಕೆ ಇಳಿಯಬೇಕು. ಜಾಸ್ತಿ ದೂರ ಬರುವುದು ಈ ಸುತ್ತಿನಿಂದ.

ವಿಮಾನದಲ್ಲಿ ಎಷ್ಟು ಹೊತ್ತು?

ಕಂಪನಿಗಳು ವೇಳಾಪಟ್ಟಿಯಲ್ಲಿ ಕೊಡುವುದು ಒಂದು ಗಂಟೆ ಕಾಲಿನಿಂದ ಒಂದೂವರೆ ಗಂಟೆ. ನಿಜವಾಗಿ ಗಾಳಿಯಲ್ಲಿರುವುದು ಮುಕ್ಕಾಲು ಗಂಟೆಯಿಂದ 55 ನಿಮಿಷ, ಅಷ್ಟೇ.

ಜೆಟ್ ವಿಮಾನಕ್ಕೆ 344 ಕಿ.ಮೀ. ಯಾವ ಲೆಕ್ಕ? ಅರ್ಧ ಗಂಟೆಯಲ್ಲಿ ಮುಗಿಯಬೇಕಲ್ವಾ?

ಎತ್ತರದಲ್ಲಿ ಸಮನಾಗಿ ಹಾರುವಾಗ ಇಂಥ ವಿಮಾನದ ವೇಗ ಗಂಟೆಗೆ ಸುಮಾರು 830 ಕಿ.ಮೀ. ಆ ಲೆಕ್ಕದಲ್ಲಿ 25 ನಿಮಿಷ ಸಾಕು. ಆದರೆ ಇಷ್ಟು ಚಿಕ್ಕ ದಾರಿಯಲ್ಲಿ ವಿಮಾನ ಆ ವೇಗದಲ್ಲಿ ಇರುವುದೇ ಕೆಲವು ನಿಮಿಷ. ಮಿಕ್ಕಿದ್ದೆಲ್ಲ ಏರುವುದು, ಇಳಿಯುವುದು.

ಒಂದು ಸಲ ಕುತೂಹಲಕ್ಕೆ ಗಡಿಯಾರ ನೋಡಿ ಬೋರ್ಡಿಂಗ್ ಪಾಸ್ ಹಿಂದೆ ಬರೆದುಕೊಂಡಿದ್ದೆ. ಎಲ್ಲ ಲಂಡನ್ ಸಮಯ. ಬಾಗಿಲು ಹಾಕಿದ್ದು 9:52ಕ್ಕೆ. ವಿಮಾನ ಜಾಗ ಬಿಟ್ಟು ಹಿಂದೆ ಸರಿದದ್ದು 10:01ಕ್ಕೆ. ಅಲ್ಲಿಂದ ಸಾಲಿನಲ್ಲಿ ಕಾದು, ಚಕ್ರ ನೆಲ ಬಿಟ್ಟಾಗ 10:22. ಇಪ್ಪತ್ತೊಂದು ನಿಮಿಷ ನೆಲದ ಮೇಲೇ ಹೋಯಿತು. ಪ್ಯಾರಿಸ್‌ನ ರನ್‌ವೇ ಮುಟ್ಟಿದ್ದು 11:10ಕ್ಕೆ. ಅಂದರೆ ಹಾರಿದ್ದು 48 ನಿಮಿಷ. ಮತ್ತೆ ಉರುಳುತ್ತಾ ಗೇಟ್ ಸೇರಿದಾಗ 11:22. ವೇಳಾಪಟ್ಟಿಯಲ್ಲಿ ಲೆಕ್ಕ ಹಾಕುವುದು ಹಿಂದೆ ಸರಿದ ಹೊತ್ತಿನಿಂದ ಗೇಟ್ ಸೇರಿದ ಹೊತ್ತಿನವರೆಗೆ. ಅವತ್ತು ಅದು 81 ನಿಮಿಷ.

ವಾಪಸ್ ಬರುವಾಗ ಇನ್ನೊಂದು ವಿಷಯ ಸೇರಿಕೊಳ್ಳುತ್ತದೆ. ಹೀಥ್ರೂಗೆ ಇರುವುದು ಎರಡೇ ರನ್‌ವೇ, ಬರುವ ವಿಮಾನಗಳು ಬಹಳ. ಇಳಿಯಲು ಸರದಿ ಬರುವ ತನಕ ವಿಮಾನಗಳನ್ನು ನಾಲ್ಕು ಕಡೆ ಆಕಾಶದಲ್ಲೇ ಸುತ್ತಿಸುತ್ತಾರೆ: ಬಿಗಿನ್, ಆಕಮ್, ಲ್ಯಾಂಬೋರ್ನ್, ಬಾವಿಂಗ್ಡನ್. ಒಂದರ ಮೇಲೊಂದು, ಎತ್ತರ ಬಿಟ್ಟು ಬಿಟ್ಟು. ಕೆಳಗಿನದು ಇಳಿಯಲು ಹೊರಟರೆ ಮೇಲಿನವು ಒಂದೊಂದೇ ಮೆಟ್ಟಿಲು ಇಳಿಯುತ್ತವೆ. ಕಿಟಕಿಯಲ್ಲಿ ಅದೇ ಹೊಲ, ಅದೇ ಕೆರೆ ಎರಡನೇ ಸಲ ಕಂಡರೆ ಗಾಬರಿ ಬೇಡ, ಸರದಿಗೆ ಕಾಯುತ್ತಿದ್ದೀರಿ. ಈ ಕಾಯುವ ಹೊತ್ತನ್ನೂ ಕಂಪನಿಗಳು ವೇಳಾಪಟ್ಟಿಯಲ್ಲಿ ಮೊದಲೇ ಸೇರಿಸಿರುತ್ತವೆ.

ಟಿಕೆಟ್‌ನಲ್ಲಿ 9:55ಕ್ಕೆ ಹೊರಟು 12:20ಕ್ಕೆ ತಲುಪುತ್ತೆ ಅಂತಿದೆ. ಎರಡೂವರೆ ಗಂಟೆ ಆಯ್ತಲ್ಲ?

ಇಲ್ಲ. ಪ್ಯಾರಿಸ್ ಗಡಿಯಾರ ಲಂಡನ್‌ಗಿಂತ ಒಂದು ಗಂಟೆ ಮುಂದೆ. ಟಿಕೆಟ್‌ನಲ್ಲಿ ಹೊರಡುವ ಸಮಯ ಹೊರಡುವ ಊರಿನದು, ತಲುಪುವ ಸಮಯ ತಲುಪುವ ಊರಿನದು. ಆ ಒಂದು ಗಂಟೆ ಕಳೆದರೆ ಪ್ರಯಾಣ 1 ಗಂಟೆ 25 ನಿಮಿಷ. ಬರುವಾಗ ಇದೇ ಉಲ್ಟಾ. ಪ್ಯಾರಿಸ್‌ನಿಂದ ಸಂಜೆ 6ಕ್ಕೆ ಹೊರಟರೆ ಲಂಡನ್‌ನಲ್ಲಿ 6:20 ಅಂತ ಕಾಣುತ್ತದೆ. ಅಮ್ಮ ಅದನ್ನು ನೋಡಿ ತಪ್ಪು ಅಚ್ಚಾಗಿದೆ ಅಂತಲೇ ತಿಳಿದಿದ್ದರು.

ಎರಡೂ ದೇಶದಲ್ಲಿ ಮಾರ್ಚ್ ಮತ್ತು ಅಕ್ಟೋಬರ್‌ನ ಕೊನೆಯ ಭಾನುವಾರ, ಒಂದೇ ಕ್ಷಣದಲ್ಲಿ ಗಡಿಯಾರವನ್ನು ಒಂದು ಗಂಟೆ ಮುಂದಕ್ಕೋ ಹಿಂದಕ್ಕೋ ತಿರುಗಿಸುತ್ತಾರೆ. ಹಾಗಾಗಿ ವರ್ಷವಿಡೀ ಒಂದು ಗಂಟೆಯ ವ್ಯತ್ಯಾಸ ಹಾಗೇ ಇರುತ್ತದೆ. ಭಾರತಕ್ಕೆ ಫೋನ್ ಮಾಡುವಾಗ ಮಾತ್ರ ನೆನಪಿಡಿ: ಚಳಿಗಾಲದಲ್ಲಿ ಲಂಡನ್ ನಮಗಿಂತ ಐದೂವರೆ ಗಂಟೆ ಹಿಂದೆ, ಪ್ಯಾರಿಸ್ ನಾಲ್ಕೂವರೆ. ಬೇಸಿಗೆಯಲ್ಲಿ ಎರಡರಲ್ಲೂ ಒಂದೊಂದು ಗಂಟೆ ಕಡಿಮೆ.

ಈ ಒಂದು ಗಂಟೆ ಸೂರ್ಯ ಕೊಟ್ಟಿದ್ದಲ್ಲ. ಸೂರ್ಯನ ಲೆಕ್ಕದಲ್ಲಿ ಲಂಡನ್‌ನ ಗ್ರೀನಿಚ್‌ಗೂ ಪ್ಯಾರಿಸ್‌ಗೂ ಇರುವ ಅಂತರ 9 ನಿಮಿಷ 21 ಸೆಕೆಂಡ್ ಮಾತ್ರ. 1911ರವರೆಗೆ ಫ್ರಾನ್ಸ್ ತನ್ನದೇ ಪ್ಯಾರಿಸ್ ಸಮಯ ಇಟ್ಟುಕೊಂಡಿತ್ತು. ಆಮೇಲೆ ಗ್ರೀನಿಚ್ ಸಮಯಕ್ಕೆ ಬಂತು, ಆದರೂ ಕಾನೂನಿನಲ್ಲಿ ಗ್ರೀನಿಚ್ ಹೆಸರು ಬರೆಯದೆ "ಪ್ಯಾರಿಸ್ ಸಮಯದಿಂದ 9 ನಿಮಿಷ 21 ಸೆಕೆಂಡ್ ಹಿಂದೆ" ಎಂದೇ ಬರೆದುಕೊಂಡಿತು. 1940ರಲ್ಲಿ ಜರ್ಮನ್ ಸೇನೆ ಪ್ಯಾರಿಸ್ ಹಿಡಿದಾಗ ಗಡಿಯಾರವನ್ನೂ ಬರ್ಲಿನ್ ಸಮಯಕ್ಕೆ ತಿರುಗಿಸಿತು. ಯುದ್ಧ ಮುಗಿದು ಇಷ್ಟು ವರ್ಷವಾದರೂ ಫ್ರಾನ್ಸ್ ಇರುವುದು ಮಧ್ಯ ಯುರೋಪಿನ ಸಮಯದಲ್ಲೇ. ಬೇಸಿಗೆಯಲ್ಲಿ ಪ್ಯಾರಿಸ್‌ನಲ್ಲಿ ರಾತ್ರಿ ಹತ್ತು ಗಂಟೆಗೂ ಬೆಳಕು ಇರಲು ಇದೂ ಒಂದು ಕಾರಣ.

ಹೋಗುವ ಹೊತ್ತು, ಬರುವ ಹೊತ್ತು ಒಂದೇನಾ?

ಸ್ವಲ್ಪ ಹೆಚ್ಚು ಕಡಿಮೆ ಆಗುತ್ತದೆ. ಈ ಕಡೆ ಗಾಳಿ ಸಾಮಾನ್ಯವಾಗಿ ಪಶ್ಚಿಮದಿಂದ ಬೀಸುತ್ತದೆ, ಅದರಿಂದ ಪ್ಯಾರಿಸ್‌ಗೆ ಹೋಗುವಾಗ ಒಂದಿಷ್ಟು ಅನುಕೂಲ. ದಾರಿ ಚಿಕ್ಕದಾದ್ದರಿಂದ ವ್ಯತ್ಯಾಸ ಕೆಲವೇ ನಿಮಿಷ.

ಯಾವ ವಿಮಾನ ನಿಲ್ದಾಣ ಆರಿಸಿಕೊಳ್ಳಬೇಕು?

ಮೊದಲು ನೀವು ಲಂಡನ್‌ನಲ್ಲಿ ಎಲ್ಲಿದ್ದೀರಿ ನೋಡಿ. ಲಂಡನ್ ಬಹಳ ದೊಡ್ಡ ಊರು. ಹೀಥ್ರೂ ಪಶ್ಚಿಮಕ್ಕಿದೆ, ಗ್ಯಾಟ್ವಿಕ್ ದಕ್ಷಿಣಕ್ಕೆ, ಲೂಟನ್ ಉತ್ತರಕ್ಕೆ. ಬ್ರಿಟಿಷ್ ಏರ್‌ವೇಸ್ ಮತ್ತು ಏರ್ ಫ್ರಾನ್ಸ್ ಹೀಥ್ರೂನಿಂದ ಹಾರುತ್ತವೆ. ಕಡಿಮೆ ದರದ ವಿಮಾನಗಳು ಹೆಚ್ಚಾಗಿ ಗ್ಯಾಟ್ವಿಕ್, ಲೂಟನ್ ಕಡೆಯಿಂದ.

ಪ್ಯಾರಿಸ್‌ನಲ್ಲಿ ಚಾರ್ಲ್ಸ್ ಡಿ ಗಾಲ್ ಊರಿನ ಈಶಾನ್ಯಕ್ಕೆ ಸುಮಾರು 25 ಕಿ.ಮೀ. ಅಲ್ಲಿಂದ ಆರ್‌ಇಆರ್ ಬಿ ಎಂಬ ರೈಲು ಅರ್ಧ ಗಂಟೆ ಆಸುಪಾಸಿನಲ್ಲಿ ಊರೊಳಗೆ ತರುತ್ತದೆ. ಓರ್ಲಿ ದಕ್ಷಿಣಕ್ಕೆ, 14 ಕಿ.ಮೀ. ಹತ್ತಿರ. 2024ರ ಜೂನ್‌ನಿಂದ 14ನೇ ನಂಬರ್ ಮೆಟ್ರೋ ನೇರ ಓರ್ಲಿಗೇ ಹೋಗುತ್ತದೆ, ಬಹಳ ಸುಲಭವಾಗಿದೆ. ಮೂರನೆಯದು ಬೋವೆ. ಹೆಸರಲ್ಲಿ ಪ್ಯಾರಿಸ್ ಇದ್ದರೂ ಊರಿನಿಂದ 80 ಕಿ.ಮೀ. ದೂರ, ಅಲ್ಲಿಂದ ಬಸ್ಸಿನಲ್ಲೇ ಒಂದು ಗಂಟೆ ಮೇಲಾಗುತ್ತದೆ. ಟಿಕೆಟ್ ಅಗ್ಗ ಅಂತ ಕೊಂಡ ಮೇಲೆ ಇದು ಗೊತ್ತಾದರೆ ಬೇಜಾರು, ಅದಕ್ಕೇ ನಿಲ್ದಾಣದ ಹೆಸರು ಮೊದಲೇ ಓದಿಕೊಳ್ಳಿ.

ಹಾಗಾದರೆ ವಿಮಾನ ಒಳ್ಳೆಯದೋ, ರೈಲೋ?

ಹೆಚ್ಚಿನವರಿಗೆ ರೈಲು. ನಾನು ಇದನ್ನು ಗಟ್ಟಿಯಾಗಿಯೇ ಹೇಳುತ್ತೇನೆ.

ಯೂರೋಸ್ಟಾರ್ ಲಂಡನ್‌ನ ಸೇಂಟ್ ಪ್ಯಾಂಕ್ರಸ್‌ನಿಂದ ಹೊರಟು ಪ್ಯಾರಿಸ್‌ನ ಗಾರ್ ದು ನಾರ್ ತಲುಪಲು ವೇಗದ ರೈಲಿಗೆ 2 ಗಂಟೆ 16 ನಿಮಿಷ. ಗಂಟೆಗೆ 300 ಕಿ.ಮೀ. ವೇಗದವರೆಗೂ ಓಡುತ್ತದೆ. 1994ರಲ್ಲಿ ಶುರುವಾದಾಗ ಇದೇ ಪ್ರಯಾಣಕ್ಕೆ ಮೂರು ಗಂಟೆ ಬೇಕಿತ್ತು, ಆಗ ರೈಲು ಹೊರಡುತ್ತಿದ್ದುದು ವಾಟರ್‌ಲೂನಿಂದ. ಇಂಗ್ಲೆಂಡ್ ಕಡೆ ಹೊಸ ವೇಗದ ಹಳಿ 2007ರಲ್ಲಿ ಪೂರ್ತಿಯಾದ ಮೇಲೆ ಹೊತ್ತು ಇಷ್ಟು ಇಳಿಯಿತು.

ಈಗ ಬಾಗಿಲಿಂದ ಬಾಗಿಲಿಗೆ ಲೆಕ್ಕ ಹಾಕೋಣ. ಪೂರ್ವ ಲಂಡನ್‌ನ ಈಸ್ಟ್ ಹ್ಯಾಮ್‌ನಲ್ಲಿ ಮನೆ ಅಂತಿಟ್ಟುಕೊಳ್ಳಿ. ವಿಮಾನಕ್ಕಾದರೆ ಹೀಥ್ರೂ ಸೇರಲು ಒಂದೂಕಾಲು ಗಂಟೆ, ಅಲ್ಲಿ ಎರಡು ಗಂಟೆ ಮೊದಲೇ ಇರಬೇಕು, ಹಾರಾಟ ಒಂದು ಗಂಟೆ ಇಪ್ಪತ್ತು ನಿಮಿಷ, ಇಳಿದ ಮೇಲೆ ಇಮಿಗ್ರೇಷನ್ ಮತ್ತು ಲಗೇಜ್ ಮುಕ್ಕಾಲು ಗಂಟೆ, ಊರೊಳಗೆ ಬರಲು ಇನ್ನೊಂದು ಮುಕ್ಕಾಲು ಗಂಟೆ. ಆರು ಗಂಟೆ ಆಯ್ತು. ರೈಲಿಗಾದರೆ ಸೇಂಟ್ ಪ್ಯಾಂಕ್ರಸ್‌ಗೆ ಮುಕ್ಕಾಲು ಗಂಟೆ, ಅಲ್ಲಿ ತಪಾಸಣೆಗೆ ಒಂದೂಕಾಲು ಗಂಟೆ, ರೈಲಿನಲ್ಲಿ ಎರಡೂಕಾಲು. ಇಳಿದರೆ ಊರ ನಡುವೆಯೇ ಇರುತ್ತೀರಿ. ನಾಲ್ಕೂಕಾಲು ಗಂಟೆ.

ಹೌನ್ಸ್ಲೋದಲ್ಲಿ ಇರುವವರಿಗೆ ಹೀಥ್ರೂ ಪಕ್ಕದಲ್ಲೇ, ಅವರಿಗೆ ವಿಮಾನವೂ ಸರಿಹೋಗುತ್ತದೆ. ಪ್ಯಾರಿಸ್‌ನಿಂದ ಮುಂದೆ ಬೇರೆ ವಿಮಾನ ಹಿಡಿಯಬೇಕಾದವರಿಗಂತೂ ವಿಮಾನವೇ ಸರಿ. ವಯಸ್ಸಾದವರ ಜೊತೆ ಹೋಗುವಾಗ ನಾನು ರೈಲನ್ನೇ ಆರಿಸುತ್ತೇನೆ. ಸೂಟ್‌ಕೇಸ್ ಜೊತೆಯಲ್ಲೇ ಇರುತ್ತದೆ, ಮನೆಯಲ್ಲಿ ಕಟ್ಟಿದ ಚಪಾತಿ ಪಲ್ಯ ಬಿಚ್ಚಿ ತಿನ್ನಬಹುದು, ನೀರಿನ ಬಾಟಲಿ ಎಸೆಯಬೇಕಿಲ್ಲ, 100 ಮಿ.ಲೀ. ನಿಯಮ ಅಲ್ಲಿಲ್ಲ. ವಿದ್ಯುತ್ ರೈಲಾದ್ದರಿಂದ ಹೊಗೆಯೂ ವಿಮಾನಕ್ಕಿಂತ ಎಷ್ಟೋ ಕಡಿಮೆ.

ಒಂದು ಎಚ್ಚರಿಕೆ: ರೈಲು ಅಂತ ಕೊನೆ ಗಳಿಗೆಯಲ್ಲಿ ಓಡಿ ಹತ್ತುವ ಹಾಗಿಲ್ಲ. ಹೊರಡುವ 30 ನಿಮಿಷ ಮೊದಲೇ ಗೇಟ್ ಮುಚ್ಚುತ್ತಾರೆ. ಟಿಕೆಟ್ ದರವೂ ದಿನ ಹತ್ತಿರ ಬಂದಷ್ಟೂ ಏರುತ್ತದೆ.

ರೈಲು ಸಮುದ್ರದೊಳಗೆ ಎಷ್ಟು ಹೊತ್ತು ಇರುತ್ತದೆ? ಮೀನು ಕಾಣುತ್ತಾ?

ಮೀನು ಕಾಣುವುದಿಲ್ಲ, ಮಕ್ಕಳಿಗೆ ಮೊದಲೇ ಹೇಳಿಬಿಡಿ. ಸುರಂಗ ಇರುವುದು ಸಮುದ್ರದ ನೆಲಕ್ಕಿಂತಲೂ ಕೆಳಗೆ, ಸರಾಸರಿ 40 ಮೀಟರ್ ಆಳದಲ್ಲಿ. ಒಟ್ಟು ಉದ್ದ 50 ಕಿ.ಮೀ.ಗಿಂತ ಸ್ವಲ್ಪ ಜಾಸ್ತಿ, ಅದರಲ್ಲಿ ಸಮುದ್ರದ ಕೆಳಗಿನ ಭಾಗವೇ ಸುಮಾರು 38 ಕಿ.ಮೀ. ರೈಲು ದಾಟಲು ಇಪ್ಪತ್ತು ನಿಮಿಷ ಸಾಕು. ಕಿಟಕಿ ಕಪ್ಪಾಗುತ್ತದೆ, ಕಿವಿ ಸ್ವಲ್ಪ ಕಟ್ಟುತ್ತದೆ, ಮತ್ತೆ ಬೆಳಕು ಬಂದಾಗ ರೈಲು ಫ್ರಾನ್ಸ್‌ನ ಹೊಲಗಳ ನಡುವೆ ಓಡುತ್ತಿರುತ್ತದೆ. ಎರಡೂ ಕಡೆಯಿಂದ ಅಗೆಯುತ್ತಾ ಬಂದವರು 1990ರ ಡಿಸೆಂಬರ್ 1ರಂದು ನಡುವೆ ಸಂಧಿಸಿ ಕೈ ಕುಲುಕಿದರು. 1994ರ ಮೇ 6ರಂದು ರಾಣಿ ಎಲಿಜಬೆತ್ ಮತ್ತು ಫ್ರಾನ್ಸ್ ಅಧ್ಯಕ್ಷ ಮಿತೆರಾನ್ ಉದ್ಘಾಟಿಸಿದರು.

ಕಾರು, ಬಸ್ಸಿನಲ್ಲಿ ಹೋಗಬಹುದಾ?

ಹೋಗಬಹುದು. ಕಾರನ್ನು ಇಂಗ್ಲೆಂಡ್ ದಡದ ಫೋಕ್‌ಸ್ಟನ್‌ನಲ್ಲಿ ರೈಲಿಗೇ ಹತ್ತಿಸಿದರೆ 35 ನಿಮಿಷದಲ್ಲಿ ಫ್ರಾನ್ಸ್‌ನ ಕಲೆ (Calais) ಎಂಬ ಊರಿನ ಹತ್ತಿರ ಇಳಿಸುತ್ತಾರೆ. ಒಟ್ಟು ಆರು ಗಂಟೆ ಇಟ್ಟುಕೊಳ್ಳಿ. ಆ ಕಡೆ ರಸ್ತೆಯ ಬಲಗಡೆ ಓಡಿಸಬೇಕು. ಬಸ್ಸು ಅಗ್ಗ, ಆದರೆ ಎಂಟರಿಂದ ಹತ್ತು ಗಂಟೆ. ನಾನು ಹೋದದ್ದು ರಾತ್ರಿ ಬಸ್ಸಿನಲ್ಲಿ. ನಡುರಾತ್ರಿ ಎಬ್ಬಿಸಿ, ಚಳಿಯಲ್ಲಿ ಇಳಿಸಿ ಪಾಸ್‌ಪೋರ್ಟ್ ನೋಡಿದರು. ವಿದ್ಯಾರ್ಥಿಗಳಿಗೆ ಸರಿ, ಅಪ್ಪ ಅಮ್ಮನಿಗೆ ಬೇಡ.

ಬ್ರಿಟನ್ ವೀಸಾ ಇದ್ದರೆ ಪ್ಯಾರಿಸ್‌ಗೂ ಸಾಕಲ್ವಾ?

ಸಾಲದು. ಇಡೀ ಪುಟದಲ್ಲಿ ಒಂದೇ ಉತ್ತರ ಓದುವುದಾದರೆ ಇದನ್ನು ಓದಿ. ಒಂದೇ ವೀಸಾದಲ್ಲಿ ಓಡಾಡಬಹುದಾದ ಯುರೋಪಿನ ದೇಶಗಳ ಗುಂಪಿಗೆ ಷೆಂಗೆನ್ ಅಂತಾರೆ. ಫ್ರಾನ್ಸ್ ಅದರಲ್ಲಿದೆ, ಬ್ರಿಟನ್ ಯಾವತ್ತೂ ಇರಲಿಲ್ಲ. ಭಾರತದ ಪಾಸ್‌ಪೋರ್ಟ್ ಇರುವವರಿಗೆ ಪ್ಯಾರಿಸ್‌ಗೆ ಷೆಂಗೆನ್ ವೀಸಾ ಬೇರೆಯೇ ಬೇಕು.

ಊರಿನಿಂದ ಪ್ರವಾಸಕ್ಕೆ ಬರುವ ಅಪ್ಪ ಅಮ್ಮ ಆ ವೀಸಾವನ್ನು ಭಾರತದಲ್ಲೇ ಮಾಡಿಸಿಕೊಂಡು ಬರಬೇಕು. ಷೆಂಗೆನ್ ಅರ್ಜಿ ಹಾಕಬೇಕಾದ್ದು ವಾಸವಿರುವ ದೇಶದಿಂದ. ಬ್ರಿಟನ್‌ಗೆ ಬರೀ ಪ್ರವಾಸಿ ವೀಸಾದಲ್ಲಿ ಬಂದವರ ಅರ್ಜಿಯನ್ನು ಲಂಡನ್‌ನಲ್ಲಿ ಸಾಮಾನ್ಯವಾಗಿ ತೆಗೆದುಕೊಳ್ಳುವುದಿಲ್ಲ. ಇದು ಗೊತ್ತಿಲ್ಲದೆ ನಮ್ಮ ಪರಿಚಯದ ಒಬ್ಬ ಹಿರಿಯರು ಎರಡು ತಿಂಗಳು ಲಂಡನ್‌ನಲ್ಲಿದ್ದು, ಪ್ಯಾರಿಸ್ ನೋಡದೆ ವಾಪಸ್ ಹೋದರು. ಆ ಬೇಸರ ಇನ್ನೂ ನನ್ನ ಮನಸ್ಸಿನಲ್ಲಿದೆ. ಹಾಗೆಯೇ ಬ್ರಿಟನ್ ವೀಸಾದಲ್ಲಿ ಮತ್ತೆ ಒಳಗೆ ಬರಲು ಅವಕಾಶ ಇದೆಯಾ ಅಂತಲೂ ನೋಡಿಕೊಳ್ಳಿ.

ತಪಾಸಣೆ ನಡೆಯುವ ಜಾಗವೂ ಬೇರೆ. ರೈಲಿಗೆ ಹೋದರೆ ಫ್ರಾನ್ಸ್ ಪೊಲೀಸರು ಸೇಂಟ್ ಪ್ಯಾಂಕ್ರಸ್‌ನಲ್ಲೇ ಪಾಸ್‌ಪೋರ್ಟ್ ನೋಡುತ್ತಾರೆ, ಪ್ಯಾರಿಸ್‌ನಲ್ಲಿ ಸುಮ್ನೆ ಇಳಿದು ಹೋಗಬಹುದು. ಬರುವಾಗ ಬ್ರಿಟನ್ ಅಧಿಕಾರಿಗಳು ಗಾರ್ ದು ನಾರ್‌ನಲ್ಲೇ ಇರುತ್ತಾರೆ. ವಿಮಾನಕ್ಕೆ ಈ ಏರ್ಪಾಡು ಇಲ್ಲ, ಇಳಿದ ಮೇಲೆ ಸಾಲು. 2025ರ ಅಕ್ಟೋಬರ್ 12ರಿಂದ ಹಂತ ಹಂತವಾಗಿ ಯುರೋಪಿನ ಹೊಸ ಪದ್ಧತಿಯೂ ಬಂದಿದೆ. ಸೀಲ್ ಹಾಕುವ ಬದಲು ಬೆರಳಚ್ಚು, ಮುಖದ ಫೋಟೋ ತೆಗೆದುಕೊಳ್ಳುತ್ತಾರೆ. ಮೊದಲ ಸಲ ಹೋಗುವವರು ಇನ್ನೂ ಸ್ವಲ್ಪ ಬೇಗ ಹೋಗಿ.

ತುಪ್ಪ, ಪೇಡ ತೆಗೆದುಕೊಂಡು ಹೋಗಬಹುದಾ?

ಬೇಡ. ಬ್ರಿಟನ್ ಈಗ ಯುರೋಪಿಯನ್ ಒಕ್ಕೂಟದ ಹೊರಗಿರುವುದರಿಂದ ಅಲ್ಲಿಂದ ಫ್ರಾನ್ಸ್‌ಗೆ ಹಾಲಿನ ಪದಾರ್ಥ, ಮಾಂಸ ಒಯ್ಯುವಂತಿಲ್ಲ. ಧಾರವಾಡ ಪೇಡವೂ ಹಾಲಿನದೇ, ತುಪ್ಪವೂ ಹಾಲಿನದೇ. ಚಕ್ಕುಲಿ, ಚಟ್ನಿಪುಡಿಗೆ ತೊಂದರೆ ಇಲ್ಲ. ಪ್ಯಾರಿಸ್‌ನಿಂದ ಚೀಸ್ ತರೋಣ ಅಂದರೆ 2025ರ ಏಪ್ರಿಲ್‌ನಲ್ಲಿ ಬ್ರಿಟನ್ ಕೂಡ ಅದನ್ನು ನಿಲ್ಲಿಸಿತು. ಈ ನಿಯಮಗಳು ಬದಲಾಗುತ್ತಿರುತ್ತವೆ, ಹೊರಡುವ ಮೊದಲು ಒಮ್ಮೆ ನೋಡಿ.

ವಿಮಾನ ತಡವಾದರೆ ದುಡ್ಡು ಸಿಗುತ್ತಾ?

ದೂರದ ಅಂಕಿ ನಿಜವಾಗಿ ಉಪಯೋಗಕ್ಕೆ ಬರುವುದು ಇಲ್ಲಿ. ಪರಿಹಾರ ಎಷ್ಟು ಅನ್ನುವುದು ನೇರ ದೂರದ ಮೇಲೆ ನಿಂತಿದೆ. 1,500 ಕಿ.ಮೀ. ಒಳಗಿನ ಪ್ರಯಾಣದಲ್ಲಿ ಮೂರು ಗಂಟೆ ಅಥವಾ ಜಾಸ್ತಿ ತಡವಾಗಿ ತಲುಪಿದರೆ, ಲಂಡನ್‌ನಿಂದ ಹೊರಟವರಿಗೆ 220 ಪೌಂಡ್, ಪ್ಯಾರಿಸ್‌ನಿಂದ ಹೊರಟವರಿಗೆ 250 ಯೂರೋ. ಹವಾಮಾನ, ವಿಮಾನ ಸಂಚಾರ ನಿಯಂತ್ರಕರ ಮುಷ್ಕರದಂಥ ಕಾರಣಕ್ಕೆ ಈ ದುಡ್ಡು ಬರುವುದಿಲ್ಲ. ಆದರೂ ಕಾಯುವಾಗ ಊಟ, ರಾತ್ರಿಯಾದರೆ ಹೋಟೆಲ್ ಕೊಡಲೇಬೇಕು. ಕೇಳಿ ತೆಗೆದುಕೊಳ್ಳಿ. ನಮ್ಮವರು ಎಷ್ಟೋ ಜನ ಕೇಳದೆ ಬಿಡುತ್ತಾರೆ.

ಬೆಂಗಳೂರಿನಿಂದ ಪ್ಯಾರಿಸ್‌ವರೆಗೆ ಒಂದೇ ಟಿಕೆಟ್ ಮಾಡಿಸಿ, ಬ್ರಿಟನ್ ಅಥವಾ ಯುರೋಪ್ ಕಂಪನಿಯ ವಿಮಾನದಲ್ಲಿ ಬಂದಿದ್ದರೆ, ದೂರವನ್ನು ಬೆಂಗಳೂರಿನಿಂದಲೇ ಎಣಿಸುತ್ತಾರೆ. ಆಗ ಪರಿಹಾರ ಗರಿಷ್ಠ 520 ಪೌಂಡ್ ಅಥವಾ 600 ಯೂರೋ.

ಲಂಡನ್, ಪ್ಯಾರಿಸ್ ಎರಡೂ ನೋಡಲು ಬೆಂಗಳೂರಿನಿಂದ ಟಿಕೆಟ್ ಹೇಗೆ ಮಾಡಿಸುವುದು?

ಹೋಗುವುದು ಲಂಡನ್‌ಗೆ, ಮರಳುವುದು ಪ್ಯಾರಿಸ್‌ನಿಂದ. ಬೆಂಗಳೂರಿಗೆ ಎರಡೂ ಊರಿನಿಂದ ನೇರ ವಿಮಾನ ಇದೆ. ಹೀಗೆ ಮಾಡಿದರೆ ನಡುವೆ ಒಂದೇ ರೈಲು ಪ್ರಯಾಣ, ಮತ್ತೆ ಲಂಡನ್‌ಗೆ ಬರುವ ಅರ್ಧ ದಿನ ಉಳಿಯುತ್ತದೆ. ಲಂಡನ್‌ನಲ್ಲಿರುವ ದಿನಗಳಲ್ಲಿ ಥೇಮ್ಸ್ ದಂಡೆಯಲ್ಲಿ ಸಂಸತ್ತಿನ ಎದುರು ದಡಕ್ಕಿರುವ ಬಸವಣ್ಣನ ಪ್ರತಿಮೆ ನೋಡಿ ಬನ್ನಿ. 2015ರಿಂದ ಅಲ್ಲಿದೆ.

ಈ ದಾರಿಯಲ್ಲಿ ದಿನವೂ ಹಾರುವ ವಿಮಾನ ಯಾವಾಗ ಶುರುವಾಯಿತು?

1919ರ ಆಗಸ್ಟ್ 25ರಂದು. ದಿನವೂ ಹಾರುವ ಅಂತರರಾಷ್ಟ್ರೀಯ ವಿಮಾನ ಸೇವೆ ಜಗತ್ತಿನಲ್ಲಿ ಶುರುವಾದದ್ದು ಇದೇ ಎರಡು ಊರಿನ ನಡುವೆ. ಹೊರಟ ಜಾಗ ಹೌನ್ಸ್ಲೋ ಹೀತ್, ಈಗ ಎಷ್ಟೋ ಭಾರತೀಯ ಕುಟುಂಬಗಳು ಇರುವ ಹೌನ್ಸ್ಲೋ ಪಕ್ಕದ ಬಯಲು. ಇಳಿದ ಜಾಗ ಪ್ಯಾರಿಸ್ ಹೊರವಲಯದ ಲ ಬೂರ್ಜೆ. ಚಾರ್ಲ್ಸ್ ಡಿ ಗಾಲ್‌ನಿಂದ ಊರಿಗೆ ಬರುವ ಆರ್‌ಇಆರ್ ರೈಲು ಇವತ್ತಿಗೂ ಲ ಬೂರ್ಜೆ ಸ್ಟೇಷನ್ ಮೇಲೇ ಹಾದು ಬರುತ್ತದೆ. ಯುದ್ಧಕ್ಕೆ ಮಾಡಿದ್ದ ಪುಟ್ಟ ವಿಮಾನವನ್ನೇ ಬದಲಿಸಿ ಇಟ್ಟಿದ್ದರು. ಪ್ರಯಾಣ ಎರಡೂವರೆ ಗಂಟೆ, ಟಿಕೆಟ್ 21 ಪೌಂಡ್, ಆಗಿನ ಕಾಲಕ್ಕೆ ಬಹಳ ದೊಡ್ಡ ದುಡ್ಡು.

ಆಗ ಪೈಲಟ್‌ಗಳು ಕೆಳಗೆ ಕಾಣುವ ರಸ್ತೆ, ರೈಲು ಹಳಿ ನೋಡಿಕೊಂಡೇ ಹಾರುತ್ತಿದ್ದರು. 1922ರ ಏಪ್ರಿಲ್ 7ರಂದು ಮಬ್ಬು ಕವಿದಿತ್ತು. ಲಂಡನ್ ಕಡೆಯಿಂದ ಒಂದು, ಪ್ಯಾರಿಸ್ ಕಡೆಯಿಂದ ಒಂದು, ಎರಡೂ ಒಂದೇ ರಸ್ತೆಯ ಮೇಲೆ ಹಾರಿ ಬಂದು ಉತ್ತರ ಫ್ರಾನ್ಸ್‌ನ ಮೇಲೆ ಎದುರುಬದುರು ಡಿಕ್ಕಿಯಾದವು. ಏಳು ಜನ ತೀರಿಕೊಂಡರು. ಪ್ರಯಾಣಿಕರ ವಿಮಾನಗಳು ಆಕಾಶದಲ್ಲಿ ಡಿಕ್ಕಿ ಹೊಡೆದದ್ದು ಅದೇ ಮೊದಲು. ಗೊತ್ತಾದ ದಾರಿ, ಎದುರಿಗೆ ಬಂದರೆ ಬಲಕ್ಕೆ ಸರಿಯುವ ನಿಯಮ, ರೇಡಿಯೋ ಇವೆಲ್ಲ ಬಿಗಿಯಾದದ್ದು ಆಮೇಲೆ.

ಅಪಾಯದಲ್ಲಿ ಪೈಲಟ್ ಕೂಗುವ "ಮೇಡೇ" ಕೂಡ ಇದೇ ದಾರಿಯದು. 1920ರ ದಶಕದಲ್ಲಿ ಲಂಡನ್‌ನ ವಿಮಾನ ನಿಲ್ದಾಣ ಕ್ರಾಯ್ಡನ್‌ನಲ್ಲಿತ್ತು. ಅಲ್ಲಿನ ರೇಡಿಯೋ ಅಧಿಕಾರಿ ಫ್ರೆಡರಿಕ್ ಮಾಕ್‌ಫರ್ಡ್, ಇಂಗ್ಲಿಷರಿಗೂ ಫ್ರೆಂಚರಿಗೂ ತಕ್ಷಣ ತಿಳಿಯುವ ಒಂದು ಪದ ಹುಡುಕಬೇಕಾಯಿತು. ಓಡಾಟ ಹೆಚ್ಚಾಗಿ ಲ ಬೂರ್ಜೆ ಜೊತೆ ಇದ್ದುದರಿಂದ "ನನಗೆ ಸಹಾಯ ಮಾಡಿ" ಎಂಬ ಅರ್ಥದ ಫ್ರೆಂಚ್ ಮಾತಿನ ಸದ್ದನ್ನೇ ಹಿಡಿದು ಮೇಡೇ ಅಂದರು. ಈಗ ಜಗತ್ತಿನ ಎಲ್ಲ ಪೈಲಟ್‌ಗಳೂ ಅದನ್ನೇ ಹೇಳುತ್ತಾರೆ.

ಬೆಳಿಗ್ಗೆ ಹೋಗಿ ರಾತ್ರಿ ವಾಪಸ್ ಬರಬಹುದಾ?

ರೈಲಿನಲ್ಲಾದರೆ ಆಗುತ್ತದೆ. ಬೆಳಗಿನ ಮೊದಲ ರೈಲುಗಳಲ್ಲಿ ಒಂದನ್ನು ಹಿಡಿದರೆ ಪ್ಯಾರಿಸ್ ಸಮಯ ಹತ್ತು ಗಂಟೆ ಸುಮಾರಿಗೆ ಅಲ್ಲಿರುತ್ತೀರಿ. ಸಂಜೆ ಏಳರವರೆಗೆ ಸುತ್ತಬಹುದು. ಒಂದು ಮ್ಯೂಸಿಯಂ, ನದಿ ದಂಡೆಯಲ್ಲಿ ಒಂದು ನಡಿಗೆ, ಐಫೆಲ್ ಗೋಪುರ, ಅಷ್ಟಕ್ಕೆ ಸಾಕು. ವಿಮಾನದಲ್ಲಿ ಹೀಗೆ ಮಾಡಲು ಹೋದರೆ ಊರೊಳಗೆ ಸಿಗುವುದು ಐದಾರು ಗಂಟೆ ಮಾತ್ರ.

ಬರುವಾಗ ಗಾರ್ ದು ನಾರ್‌ನಲ್ಲಿ ಯೂರೋಸ್ಟಾರ್ ತಪಾಸಣೆ ಮಹಡಿಯ ಮೇಲಿದೆ, ಕೆಳಗಿನ ಪ್ಲಾಟ್‌ಫಾರಂಗಳಲ್ಲಿ ಹುಡುಕಬೇಡಿ. ಗೇಟ್ ಮುಚ್ಚುವುದು ಪ್ಯಾರಿಸ್ ಗಡಿಯಾರದ ಪ್ರಕಾರ. ಕೈಗಡಿಯಾರ ಲಂಡನ್ ಸಮಯದಲ್ಲೇ ಉಳಿದಿದ್ದರೆ ಬೆಳಿಗ್ಗೆ ಇಳಿದ ಕೂಡಲೇ ಒಂದು ಗಂಟೆ ಮುಂದಕ್ಕೆ ತಿರುಗಿಸಿಕೊಳ್ಳಿ.